ಲಗ್ಗೆರೆಯಲ್ಲಿ ಒಂದು ಹಳೆಯ ಮನೆಯ ನೆಲ

ಗೃಹಸ್ಥನೆಂದರೆ ಮನೆಯಲ್ಲಿ ನಿಂತವನು ಎಂದು ಅರ್ಥ. ನಿಲ್ಲಬೇಕಾದರೆ ನೆಲ ಬೇಕು. ಆದರೂ ಲೋಕದಲ್ಲಿ ಜನರು ಮನೆಯನ್ನು ಕುರಿತು ಮಾತನಾಡುವಾಗ ಗೋಡೆಯ ಬಣ್ಣವನ್ನೂ ಬಾಗಿಲಿನ ಕೆತ್ತನೆಯನ್ನೂ ಮಹಡಿಯ ಎತ್ತರವನ್ನೂ ಹೊಗಳುವರೇ ಹೊರತು, ಕೂಸು ಅಂಬೆಗಾಲಿಡುವ, ಮುದುಕರು ನಂಬಿ ಹೆಜ್ಜೆಯಿಡಬೇಕಾದ ನೆಲವನ್ನು ನೆನೆಯುವುದು ಅದು ಕೆಟ್ಟಾಗ ಮಾತ್ರವೇ. ಗಟ್ಟಿಸಿ ಕಟ್ಟಿದ ನೆಲಕ್ಕೆ ಅಮರಕೋಶದಲ್ಲಿ ಕುಟ್ಟಿಮವೆಂಬ ಹೆಸರುಂಟು. ಕುಟ್ಟುವುದೆಂದರೇನೆಂದು ಕನ್ನಡಿಗರಿಗೆ ವ್ಯಾಖ್ಯಾನ ಬೇಕಾಗಿಲ್ಲ; ಒನಕೆ ಹಿಡಿದ ಹೆಂಗಸರೆಲ್ಲರೂ ಅದನ್ನು ಬಲ್ಲರು. ನೆಲವು ತಾನಾಗಿ ಇರುವ ವಸ್ತುವಲ್ಲ, ಶ್ರಮದಿಂದ ಆಗುವ ವಸ್ತು ಎಂಬ ಅರಿವು ಆ ಒಂದು ಪದದಲ್ಲಿ ಅಡಗಿದೆ. ಈ ಅರಿವನ್ನು ನಮಗೆ ಪ್ರತ್ಯಕ್ಷ ಮಾಡಿಕೊಟ್ಟದ್ದು ಬೆಂಗಳೂರಿನ ಅಂಚಿನ ಲಗ್ಗೆರೆ. ಅಲ್ಲಿ ಕಂಡುದನ್ನು ವಾಚಕರ ಮುಂದೆ ಇಡುವುದು ಈ ಬರಹದ ಉದ್ದೇಶ.

ನಮ್ಮ ಹಳೆಯ ಶಿಷ್ಯರೊಬ್ಬರು ಲಗ್ಗೆರೆಯವರು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇಥು ಯಂತ್ರದ ಮೇಲ್ವಿಚಾರಕರಾಗಿದ್ದಾರೆ. ಅವರ ತಾತ ಕಟ್ಟಿಸಿದ ಮಣ್ಣಿನ ಗೋಡೆಯ, ಮರದ ಅಟ್ಟದ ಮನೆಯೊಂದು ಇನ್ನೂ ನಿಂತಿದೆ. ಕಳೆದ ಮಾಘಮಾಸದಲ್ಲಿ ಅವರು ದೂರವಾಣಿಯಲ್ಲಿ ಹೇಳಿದುದಿಷ್ಟು: “ಮೇಷ್ಟ್ರೇ, ಅಟ್ಟದ ಹಲಗೆ ಕಾಲಿಟ್ಟರೆ ಕುಸೀತಾ ಇದೆ. ತಮ್ಮ ಒಡೆದುಹಾಕೋಣ ಅಂತಾನೆ. ಅಮ್ಮ ಒಪ್ಪೋದಿಲ್ಲ. ತಾವು ಒಂದು ಸಲ ಬಂದು ನೋಡಬೇಕು.” ನಾವು ಬಡಗಿಗಳಲ್ಲ, ಗಾರೆಯವರೂ ಅಲ್ಲ. ಆದರೂ ಅಣ್ಣತಮ್ಮಂದಿರ ನಡುವೆ ಮಾತು ಬಿರುಕು ಬಿಟ್ಟಲ್ಲಿ ಹಳೆಯ ಮೇಷ್ಟರಿಗೆ ಒಂದು ಮಣೆ ದೊರೆಯುವುದು ನಮ್ಮ ನಾಡಿನ ವಾಡಿಕೆ. ಆದಕಾರಣ ಹೊರಟೆವು.

ಹೋಗುವ ದಾರಿಯಲ್ಲಿ ಒಂದು ಕೆಲಸ ಮಾಡಿಕೊಂಡೆವು. ಹಳೆಯ ಮರವು ಹೇಗೆ ಬಾಳುತ್ತದೆಂಬುದನ್ನು ನೋಡಬೇಕಾದರೆ ಬೆಂಗಳೂರಿನಲ್ಲಿ ಟಿಪ್ಪುವಿನ ಬೇಸಗೆಯ ಅರಮನೆಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಕೋಟೆಯ ನೆರೆಯಲ್ಲಿ ಇದನ್ನು ಹೈದರಾಲಿಯು 1781ರಲ್ಲಿ ಆರಂಭಿಸಿದನು. ಟಿಪ್ಪು ಸುಲ್ತಾನನು 1791ರಲ್ಲಿ ಮುಗಿಸಿದನು. 1799ರಲ್ಲಿ ಟಿಪ್ಪು ಮಡಿದ ಬಳಿಕ ಇಂಗ್ಲಿಷರು ಇದನ್ನು 1868ರವರೆಗೆ ಸರಕಾರದ ಕಚೇರಿಯನ್ನಾಗಿ ಬಳಸಿದರು. ಅರಸರ ಪಾದವೂ ಗುಮಾಸ್ತರ ಪಾದವೂ ಸೋಂಕಿದ ಈ ಎರಡಂತಸ್ತಿನ ಕಟ್ಟಡದ ತೇಗದ ಕಂಬಗಳು ಇನ್ನೂರು ವರ್ಷಗಳನ್ನು ದಾಟಿ ಇಂದಿಗೂ ನೆಟ್ಟಗೆ ನಿಂತಿವೆ. ನೋಡುವವರ ಕಣ್ಣು ಕಮಾನುಗಳ ಕಡೆಗೂ ಮಾಸಿದ ಬಣ್ಣಗಳ ಕಡೆಗೂ ಏರುವುದು ಸಹಜ. ನಾವು ಕಂಬಗಳ ಬುಡವನ್ನು ನೋಡಿದೆವು. ಒಂದೊಂದು ಕಂಬವೂ ಕಲ್ಲಿನ ಪೀಠದ ಮೇಲೆ ನಿಂತಿದೆ. ಮರವು ಎಲ್ಲಿಯೂ ಮಣ್ಣನ್ನು ಮುಟ್ಟುವುದಿಲ್ಲ. ಈ ಪೀಠದ ಕಲ್ಲನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರಿಂದ ಕೆಲಸವಿದೆ.

ಅಲ್ಲಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಯ ನಿಲ್ದಾಣದಲ್ಲಿ ಮೆಟ್ರೋ ರೈಲನ್ನು ಹತ್ತಿದರೆ, ಗಾಡಿ ಬದಲಾಯಿಸದೆಯೇ ಗೊರಗುಂಟೆಪಾಳ್ಯವನ್ನು ಸೇರಬಹುದು. ನೆಲದ ಕೆಳಗೆ ಹೊರಟ ರೈಲು ನಡುವೆ ಮೇಲಕ್ಕೆದ್ದು, ಮಲ್ಲೇಶ್ವರದ ಮರಗಳನ್ನೂ ಯಶವಂತಪುರದ ಗದ್ದಲವನ್ನೂ ಕೆಳಗೆ ಬಿಟ್ಟು ತುಮಕೂರಿನ ರಸ್ತೆಯ ಮೇಲೆಯೇ ಓಡುತ್ತದೆ. ಈ ಭಾಗದಲ್ಲಿ ರೈಲು ಓಡತೊಡಗಿದ್ದು 2014ರಲ್ಲಿ. ಗೊರಗುಂಟೆಪಾಳ್ಯದಲ್ಲಿ ಇಳಿದು ಹೊರವರ್ತುಲ ರಸ್ತೆಯನ್ನು ಹಿಡಿದರೆ ಕಂಠೀರವ ಸ್ಟುಡಿಯೋ ಸಿಕ್ಕುತ್ತದೆ. 2006ರಲ್ಲಿ ತೀರಿಕೊಂಡ ನಟ ರಾಜಕುಮಾರರ ಸಮಾಧಿ ಅಲ್ಲಿದೆ. ಹೂವಿನ ಹಾರ ಹಿಡಿದ ಹಳ್ಳಿಗರ ಗುಂಪೊಂದು ಒಳಹೋಗುತ್ತಿತ್ತು. ಅದನ್ನು ದಾಟಿ ಮುಂದೆ ಹೋದರೆ ಲಗ್ಗೆರೆ.

ವ್ಯಾಕರಣ ಕಲಿಸಿದವರಿಗೆ ‘ಗೆರೆ’ಯೆಂದು ಮುಗಿಯುವ ಊರ ಹೆಸರನ್ನು ಕೇಳಿದೊಡನೆ ಆದೇಶಸಂಧಿಯೂ ಅದರ ಹಿಂದಿನ ಕೆರೆಯೂ ನೆನಪಾಗುತ್ತವೆ. ಈಗ ಅಲ್ಲಿ ಕಣ್ಣಿಗೆ ಬೀಳುವುದು ನೀರಲ್ಲ, ಕೆಲಸ. 1970ರ ದಶಕದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶವು ಬೆಳೆಯತೊಡಗಿದಂದಿನಿಂದ ನೆರೆಯ ಹಳ್ಳಿಗಳ ಹೊಲಗಳು ನಿವೇಶನಗಳಾದುವು. ಇಂದು ಒಂದೊಂದು ಓಣಿಯಲ್ಲಿಯೂ ನಾಲ್ಕಂತಸ್ತಿನ ಬಾಡಿಗೆ ಮನೆಗಳು ಮೈಗೆ ಮೈ ತಾಗಿಸಿ ನಿಂತಿವೆ. ಕೆಳಗಡೆ ಕಬ್ಬಿಣ ಕಡೆಯುವ ಅಂಗಡಿ, ಮೇಲ್ಗಡೆ ಸಂಸಾರ. ಕಬ್ಬಿಣ ಕೊರೆಯುವ ಕೀಚುದನಿಯ ನಡುವೆ ಉತ್ತರ ಕರ್ನಾಟಕದ ಕನ್ನಡವೂ ಹಿಂದಿಯೂ ತಮಿಳು ತೆಲುಗುಗಳೂ ಕಿವಿಗೆ ಬೀಳುತ್ತವೆ. ಬೆಳಗ್ಗೆ ಗಾರ್ಮೆಂಟ್ಸಿಗೆ ಹೊರಟ ಹೆಣ್ಣುಮಕ್ಕಳು ಊಟದ ಡಬ್ಬಿ ಹಿಡಿದು ಸಾಲಾಗಿ ನಡೆಯುವುದನ್ನು ನೋಡಿದರೆ, ಈ ಊರು ನಾಡಿನ ಅನೇಕ ಬಡ ಸಂಸಾರಗಳ ಅನ್ನದ ಬಟ್ಟಲೆಂಬುದು ತಿಳಿಯುತ್ತದೆ. ಇದನ್ನು ಕೇವಲ ಹೊಗೆಯ ಊರೆಂದು ಹಳಿಯುವವರು ಆ ಡಬ್ಬಿಗಳನ್ನು ನೋಡಿಲ್ಲ.

ಶಿಷ್ಯರ ಮನೆಯು ಹಳೆಯ ಊರಿನ ಭಾಗದಲ್ಲಿದೆ. ಮಂಗಳೂರು ಹೆಂಚಿನ ಮಾಡು. ಒಳಗೆ ನಾಲ್ಕು ಮರದ ಕಂಬಗಳ ನಡುಮನೆ. ಕಂಬಗಳ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆಗಳು, ಜಂತೆಗಳ ಮೇಲೆ ಹಲಗೆ ಹಾಸಿದ ಅಟ್ಟ. ತಾತನ ಕಾಲದಲ್ಲಿ ರಾಗಿಯ ಮೂಟೆಗಳು ಆ ಅಟ್ಟದ ಮೇಲಿದ್ದುವು. ಈಗ ಮೊಮ್ಮಕ್ಕಳ ಪುಸ್ತಕಗಳೂ ಹಾಸಿಗೆಗಳೂ ಇವೆ. ಮನೆಯ ಹುಡುಗಿಯೊಬ್ಬಳು ಹತ್ತನೆಯ ತರಗತಿಯ ಪರೀಕ್ಷೆಗೆ ಅಲ್ಲಿಯೇ ಕುಳಿತು ಓದುವಳು. ಅಟ್ಟದ ಹಲಗೆ ಕುಸಿಯುತ್ತಿದೆಯೆಂದರೆ ಎಂತಹ ಭಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬಾಗಿಲಲ್ಲಿಯೇ ಮೊದಲನೆಯ ಪಾಠ ದೊರೆಯಿತು. ಈ ಮನೆಯ ಜಗಲಿಯು ಹಿಂದೆ ಮೊಣಕಾಲೆತ್ತರ ಇದ್ದಿತಂತೆ. ಈಗ ರಸ್ತೆಯಿಂದ ಜಗಲಿಗೆ ಒಂದು ಗೇಣೂ ಇಲ್ಲ. ಜಗಲಿ ಕುಸಿಯಲಿಲ್ಲ, ರಸ್ತೆ ಏರಿತು. ಹಳೆಯ ಟಾರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸ ಟಾರು ಹಾಸುತ್ತ ಬಂದರೆ ಬೀದಿಯು ವರ್ಷ ವರ್ಷಕ್ಕೆ ಬೆಳೆಯುತ್ತದೆ, ಮನೆಗಳು ಹಳ್ಳಕ್ಕೆ ಇಳಿಯುತ್ತವೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 97 ಸೆಂಟಿಮೀಟರು ಮಳೆ ಬೀಳುತ್ತದೆ. ಅದರಲ್ಲಿ ಸೆಪ್ಟೆಂಬರು ತಿಂಗಳದು ದೊಡ್ಡ ಪಾಲು. ಆ ನೀರು ತಗ್ಗನ್ನು ಹುಡುಕಿಕೊಂಡು ಹೋಗುವುದು ಅದರ ಸ್ವಭಾವ. ಈ ಮನೆಯವರು ಹತ್ತು ವರ್ಷದ ಹಿಂದೆ ಒಂದು ಮಳೆಗಾಲದಲ್ಲಿ ನೀರು ಒಳನುಗ್ಗಿದ ಮೇಲೆ ನೆಲವನ್ನು ಎತ್ತರಿಸಿ, ಹೊಳೆಯುವ ಬಿಳಿಯ ಟೈಲುಗಳನ್ನು ಹಾಕಿಸಿದರು. ಹಾಕಿಸಿದವನು ತಮ್ಮ. ಅವನ ದುಡ್ಡು, ಅವನ ಆಸೆ, ಮನೆಯವರೆಲ್ಲ ಮೆಚ್ಚಿಕೊಂಡರು.

ಒಬ್ಬರು ಮಾತ್ರ ಮೆಚ್ಚಲಿಲ್ಲ; ಎಂಬತ್ತನ್ನು ದಾಟಿದ ತಾಯಿ. ಕಳೆದ ಕಾರ್ತಿಕದಲ್ಲಿ ಆಕೆ ಬಚ್ಚಲಿನಿಂದ ಬರುವಾಗ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ನಾವು ಕುಶಲ ವಿಚಾರಿಸಿದಾಗ ಆಕೆ ಹೇಳಿದ ಮಾತನ್ನು ಯಾವ ಶಿಲ್ಪಶಾಸ್ತ್ರದಲ್ಲಿಯೂ ನಾವು ಓದಿರಲಿಲ್ಲ. “ಈ ಬಿಳೀ ನೆಲದ ಮ್ಯಾಲೆ ನೀರು ಬಿದ್ರೆ ಕಣ್ಣಿಗೆ ಕಾಣಾಕಿಲ್ಲ ಸ್ವಾಮಿ. ಕೆಂಪು ಗಾರೆ ಆಗಿದ್ರೆ ನೀರು ಬಿದ್ದ ಕಡೆ ಕಪ್ಪಗೆ ಕಾಣ್ತಿತ್ತು. ಸುತ್ತು ಹಾಕ್ಕೊಂಡು ಹೋಗ್ತಿದ್ದೆ.” ಅರವತ್ತು ವರ್ಷ ಆ ಮನೆಯ ನೆಲವನ್ನು ಸಾರಿಸಿ ಒರೆಸಿ ಬಲ್ಲ ಕೈಯ ಸಾಕ್ಷ್ಯ ಇದು.

ಆದರೆ ತಮ್ಮನ ಪಕ್ಷವನ್ನೂ ಹೇಳದೆ ಹೋದರೆ ಅನ್ಯಾಯವಾದೀತು. ಅವನು ಒರಟನಲ್ಲ. ಅವನಿಗೆ ಇಬ್ಬರು ಮಕ್ಕಳು. ಅವರ ಓದಿನ ಖರ್ಚು ಏರುತ್ತಿದೆ. ನೆರೆಮನೆಯವರು ನಾಲ್ಕಂತಸ್ತು ಕಟ್ಟಿ ಬಾಡಿಗೆಯಿಂದಲೇ ಸಂಸಾರ ನಡೆಸುತ್ತಿರುವುದನ್ನು ದಿನವೂ ಕಾಣುತ್ತಾನೆ. “ನೆನಪು ಬಾಡಿಗೆ ಕೊಡುತ್ತಾ ಮೇಷ್ಟ್ರೇ? ಕೊಳೆತಿರೋ ಮರಕ್ಕೆ ಯಾಕೆ ದುಡ್ಡು ಸುರೀಬೇಕು?” ಎಂದು ಅವನು ಕೇಳಿದಾಗ ನಾವು ತಟ್ಟನೆ ಉತ್ತರ ಹೇಳಲಿಲ್ಲ. ಮರ ಎಷ್ಟು ಕೊಳೆತಿದೆ, ಏಕೆ ಕೊಳೆಯಿತು ಎಂಬುದು ತಿಳಿಯದೆ ಒಡೆಯುವವನ ತೀರ್ಪೂ ಉಳಿಸುವವನ ತೀರ್ಪೂ ಒಂದೇ ತೂಕ. ಮೊದಲು ನೋಡೋಣವೆಂದೆವು. ಹಳೆಯ ಮನೆಗಳ ಕೆಲಸದಲ್ಲಿ ನುರಿತ ಬಡಗಿ ಆಚಾರ್ರೊಬ್ಬರನ್ನು ಕರೆಸಿದರು.

ಆಚಾರ್ರು ತಂದ ಮುಖ್ಯ ಆಯುಧ ಗರಗಸವಲ್ಲ, ಗೋಣಿ ಹೊಲಿಯುವ ಒಂದು ದಬ್ಬಳ. ಹಲಗೆಗಳನ್ನು ಒಂದೊಂದಾಗಿ ತಟ್ಟಿ ದನಿ ಕೇಳುವರು; ಟೊಳ್ಳು ದನಿ ಬಂದಲ್ಲಿ ದಬ್ಬಳವನ್ನು ಒತ್ತುವರು. ಗಟ್ಟಿ ಮರದಲ್ಲಿ ಅದು ಮೊನೆಯಷ್ಟೇ ಇಳಿಯುವುದು, ಕೆಟ್ಟ ಮರದಲ್ಲಿ ಬೆಣ್ಣೆಗೆ ಇಳಿದಂತೆ ಇಳಿಯುವುದು. ಅಟ್ಟದಲ್ಲಿ ಒಟ್ಟು 34 ಹಲಗೆಗಳು. ಅವುಗಳಲ್ಲಿ 21 ಯಾವ ದೋಷವೂ ಇಲ್ಲದವು. 6 ಹಲಗೆಗಳ ತುದಿ ಮಾತ್ರ ಕೆಟ್ಟಿತ್ತು. 7 ಮಾತ್ರ ಯಾವ ಕೆಲಸಕ್ಕೂ ಬಾರದವು. ಅಟ್ಟವೆಲ್ಲ ಕೊಳೆತಿದೆಯೆಂದು ನಂಬಿದ್ದ ಅಣ್ಣತಮ್ಮಂದಿರು ಮುಖ ಮುಖ ನೋಡಿಕೊಂಡರು. ಕೆಟ್ಟ ಹಲಗೆಗಳ ಮೇಲುಗಡೆಯೇ ಎರಡು ಹೆಂಚುಗಳು ಸೀಳಿದ್ದುವು. ನೆರೆಮನೆಯ ಎತ್ತರದ ಗೋಡೆಯಿಂದ ಸುರಿಯುವ ನೀರು ಅಲ್ಲಿಯೇ ಬೀಳುತ್ತಿತ್ತು.

ಹಾಗಾದರೆ ಗಟ್ಟಿಯಾದ ಹಲಗೆಗಳೂ ಕಾಲಿಟ್ಟಾಗ ಕುಸಿಯುವುದೇಕೆ? ಆಚಾರ್ರು ಅಟ್ಟದಿಂದ ಇಳಿದು ಬಂದು ಬೀದಿಯ ಕಡೆಯ ಎರಡು ಕಂಬಗಳ ಬುಡಕ್ಕೆ ದಬ್ಬಳ ಹಾಕಿದರು. ಹಿಡಿಯವರೆಗೂ ಇಳಿಯಿತು. ಕುಸಿಯುತ್ತಿದ್ದುದು ಅಟ್ಟವಲ್ಲ, ಅದನ್ನು ಹೊತ್ತ ಕಂಬದ ಪಾದ. ಮೇಲಿನ ನೆಲದ ರೋಗಕ್ಕೆ ಕೆಳಗಿನ ನೆಲವು ಕಾರಣವಾಗಿತ್ತು.

ಕಂಬದ ಸುತ್ತ ಟೈಲುಗಳನ್ನು ಎಬ್ಬಿಸಿ ಅಗೆದಾಗ ಆ ಮನೆಯ ಚರಿತ್ರೆಯೇ ಪದರ ಪದರವಾಗಿ ಹೊರಬಂದಿತು. ಎಲ್ಲಕ್ಕೂ ಕೆಳಗೆ ತಾತನ ಕಾಲದ, ದಿಮ್ಮಿಸಿ ಸಗಣಿ ಸಾರಿಸಿದ ಮಣ್ಣಿನ ನೆಲ. ಅದರ ಮೇಲೆ ತಂದೆಯು ತನ್ನ ಮದುವೆಯ ವರ್ಷ ಹಾಕಿಸಿದ ಕೆಂಪು ಗಾರೆ, ಒಂದೂವರೆ ಅಂಗುಲ. ಅದರ ಮೇಲೆ ತಮ್ಮನ ಸಿಮೆಂಟೂ ಟೈಲೂ ಸೇರಿ ಮೂರೂವರೆ ಅಂಗುಲ. ಮಣ್ಣಿನ ನೆಲದಿಂದ ನಾಲ್ಕು ಅಂಗುಲ ಎತ್ತರದ ಪೀಠದ ಕಲ್ಲಿನ ಮೇಲೆ ತಾತನು ಕಂಬವನ್ನು ನಿಲ್ಲಿಸಿದ್ದನು. ತಂದೆಯ ಗಾರೆಯು ಕಲ್ಲಿನ ಸ್ವಲ್ಪ ಭಾಗವನ್ನು ಮುಚ್ಚಿತೇ ಹೊರತು ಮರವನ್ನು ಮುಟ್ಟಲಿಲ್ಲ. ಮಗನ ಟೈಲಿನ ಕೆಲಸದಲ್ಲಿ ಕಲ್ಲು ಪೂರ್ತಿ ಹೂತುಹೋಗಿ ಮರದ ಒಂದು ಅಂಗುಲವು ಸಿಮೆಂಟಿನೊಳಗೆ ಸೇರಿತು. ಆ ಒಂದಂಗುಲ ಸಾಕಾಯಿತು. ಮರದ ನಾಳಗಳು ಬೇರಿನಿಂದ ಎಲೆಗೆ ನೀರೆಳೆಯಲೆಂದು ಹುಟ್ಟಿದವು. ಕಡಿದು ನಿಲ್ಲಿಸಿದ ಮೇಲೂ ಬುಡವು ನೀರಿನಲ್ಲಿದ್ದರೆ ಅವು ಆ ನೀರನ್ನು ಬತ್ತಿಯಂತೆ ಹೀರಿ ಮೇಲಕ್ಕೇರಿಸುತ್ತವೆ. ಹತ್ತು ವರ್ಷದಲ್ಲಿ ಕೊಳೆತವು ಒಂದಡಿಯಷ್ಟು ಏರಿತ್ತು. ಜೊತೆಗೆ ಗೆದ್ದಲು, ಟೈಲಿನ ಮರೆಯಲ್ಲಿ ಯಾರ ಕಣ್ಣಿಗೂ ಬೀಳದೆ, ನೇರವಾಗಿ ಮಣ್ಣಿನಿಂದ ಮರದೊಳಕ್ಕೆ ದಾರಿ ಮಾಡಿಕೊಂಡಿತ್ತು. ವಲ್ಮೀಕದಿಂದ ಆದಿಕವಿ ಹೊರಬಂದದ್ದು ದಿಟ; ನಮ್ಮ ನಿಮ್ಮ ಮನೆಯ ಹುತ್ತದಿಂದ ಬರುವುದು ಬರಿಯ ಪುಡಿ.

ಇಲ್ಲಿ ಟಿಪ್ಪುವಿನ ಅರಮನೆಯ ಪೀಠದ ಕಲ್ಲನ್ನು ವಾಚಕರು ಸ್ಮರಿಸಬೇಕು. ಇದು ಒಂದು ದೇಶದ ಅನುಭವವಲ್ಲ. ಜಪಾನಿನ ಇಸೆ ಕ್ಷೇತ್ರದ ದೇವಾಲಯಗಳಲ್ಲಿ ಕಂಬಗಳನ್ನು ಪ್ರಾಚೀನ ಪದ್ಧತಿಯಂತೆ ನೇರವಾಗಿ ಮಣ್ಣಿನಲ್ಲಿ ಹೂಳುತ್ತಾರೆ. ಆ ದೇವಾಲಯಗಳನ್ನು 20 ವರ್ಷಗಳಿಗೊಮ್ಮೆ ಹೊಸದಾಗಿ ಕಟ್ಟುವುದು ಅಲ್ಲಿಯ ಪವಿತ್ರ ವಿಧಿ. 2013ರಲ್ಲಿ ಹಾಗೆ ಕಟ್ಟಿದರು. ಅದೇ ದೇಶದಲ್ಲಿ ಹೋರ್ಯೂಜಿ ಎಂಬ ಬೌದ್ಧ ವಿಹಾರವಿದೆ. ಅದರ ಕಂಬಗಳು ಕಲ್ಲಿನ ಮೇಲೆ ನಿಂತಿವೆ. ಅಲ್ಲಿಯ ಮರದ ಕಟ್ಟಡಗಳು ಸಾವಿರದ ಮುನ್ನೂರು ವರ್ಷಗಳಷ್ಟು ಹಳೆಯವು. ನಾರ್ವೆಯ ಕಥೆಯೂ ಇದೇ. ಮರದ ದಿಮ್ಮಿಗಳಿಂದ ಮನೆ ಕಟ್ಟುವ ಆ ನಾಡಿನಲ್ಲಿ ಮೊದಮೊದಲಿಗೆ ಕಂಬಗಳನ್ನು ಮಣ್ಣಿನಲ್ಲಿ ನೆಟ್ಟು ಕಟ್ಟಿದ ಇಗರ್ಜಿಗಳು ಬುಡ ಕೊಳೆತು ನಾಶವಾದುವು. ಬಳಿಕ ಕಲ್ಲಿನ ಮೇಲೆ ಅಡ್ಡತೊಲೆಯನ್ನಿಟ್ಟು ಅದರ ಮೇಲೆ ಕಟ್ಟಿದವುಗಳಲ್ಲಿ ಕೆಲವು, ಹನ್ನೆರಡನೆಯ ಶತಮಾನದ ಬೋರ್ಗುಂಡಿನ ಇಗರ್ಜಿಯಂತಹವು, ಇಂದಿಗೂ ನಿಂತಿವೆ. ದಿಮ್ಮಿಯ ಮನೆಗಳಲ್ಲಿಯೂ ಮೊದಲು ಕೆಡುವುದು ನೆಲಕ್ಕೆ ಹತ್ತಿರದ ದಿಮ್ಮಿ ಮತ್ತು ಅದಕ್ಕೆ ತಾಗಿದ ನೆಲಹಲಗೆ. ಮರವನ್ನು ಕೊಳೆಸುವ ಬೂಷ್ಟಿಗೆ ನೀರು ಬೇಕು. ಮರದ ಒಣತೂಕದ ನೂರಕ್ಕೆ 20 ಪಾಲಿಗಿಂತ ಕಡಮೆ ನೀರಿದ್ದರೆ ಅದು ಬೆಳೆಯಲಾರದು. ಒಣಗಿದ ಮರಕ್ಕೆ ಮುಪ್ಪಿಲ್ಲವೆಂದರೆ ಅತಿಶಯೋಕ್ತಿಯಾದರೂ ಸುಳ್ಳಲ್ಲ.

ಕಾರಣ ತಿಳಿದ ಮೇಲೆ ತಮ್ಮನ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಾಯಿತು. ಮಯಮತವೆಂಬ ವಾಸ್ತುಗ್ರಂಥದಲ್ಲಿ ಜೀರ್ಣವಾದುದನ್ನು ಸರಿಪಡಿಸುವುದಕ್ಕೆಂದೇ ಒಂದು ಅಧ್ಯಾಯವಿದೆ. ಆ ಕೆಲಸಕ್ಕೆ ಅನುಕರ್ಮವೆಂದು ಹೆಸರು. ಮೊದಲು ಮಾಡಿದವನ ಹೆಜ್ಜೆಯ ಹಿಂದೆ ಹೆಜ್ಜೆಯಿಟ್ಟು ಮಾಡುವ ಕೆಲಸವೆಂದು ನಾವು ಆ ಪದವನ್ನು ತಿಳಿಯುತ್ತೇವೆ. ತಾತನು ಕಲ್ಲಿನ ಮೇಲೆ ಮರವನ್ನು ಏಕೆ ನಿಲ್ಲಿಸಿದನೆಂಬುದನ್ನು ಅರಿತು ಹಾಗೆಯೇ ಮಾಡಿದರೆ, 34ರಲ್ಲಿ 7 ಹಲಗೆ ಮತ್ತು ಎರಡು ಕಂಬಗಳ ಪಾದ, ಇಷ್ಟನ್ನು ಬದಲಾಯಿಸಿದರೆ ಸಾಕು. ತಾಯಿ ಇರುವಷ್ಟು ಕಾಲ ಆಕೆ ಬಲ್ಲ ಮನೆಯಲ್ಲಿ ಆಕೆ ಭಯವಿಲ್ಲದೆ ನಡೆಯಬಹುದು. ಮುಂದಿನದನ್ನು ಮುಂದೆ ನೋಡಿಕೊಳ್ಳಬಹುದು. ತಮ್ಮನು ಬಹಳ ಹೊತ್ತು ಸುಮ್ಮನಿದ್ದು, “ಅಮ್ಮನಿಗೋಸ್ಕರ ಆಗಲಿ” ಎಂದನು. ಅವನಿಗೆ ಅದು ಸಣ್ಣ ತ್ಯಾಗವಲ್ಲವೆಂದು ನಾವು ಬಲ್ಲೆವು.

ಹಲಗೆಗೆ ಮರವನ್ನು ಆರಿಸುವಾಗ ಒಂದು ಚರ್ಚೆ ನಡೆಯಿತು. ಹೊರದೇಶಗಳಿಂದ ಯಂತ್ರಗಳನ್ನು ತುಂಬಿಕೊಂಡು ಬರುವ ಪೆಟ್ಟಿಗೆಗಳನ್ನು ಒಡೆದರೆ ಬಿಳಿಯ ಪೈನ್ ಮರದ ಹಲಗೆಗಳು ದೊರೆಯುತ್ತವೆ. ಕಾರ್ಖಾನೆಗಳ ಊರಿನಲ್ಲಿ ಅವಕ್ಕೇನು ಬರ? ದಿಮ್ಮಿಯ ಮನೆಗಳ ನಾಡಿನ ಮರವು ಲಗ್ಗೆರೆಯ ಅಟ್ಟಕ್ಕೆ ಬರುವುದು ವಿನೋದದ ಸಂಗತಿಯೇ. ಆದರೆ ಆ ಹಲಗೆಗಳ ಮೇಲಿನ ಮುದ್ರೆಯನ್ನು ಓದಬೇಕು. ಪೆಟ್ಟಿಗೆಯ ಮರದೊಡನೆ ಹುಳುಗಳು ದೇಶಾಂತರ ಹೋಗಬಾರದೆಂದು 2002ರಲ್ಲಿ ಒಂದು ಅಂತರರಾಷ್ಟ್ರೀಯ ನಿಯಮವಾಯಿತು. ಎಚ್.ಟಿ. ಎಂದಿದ್ದರೆ ಮರದ ತಿರುಳಿನವರೆಗೂ 56 ಡಿಗ್ರಿ ಶಾಖವನ್ನು 30 ನಿಮಿಷ ಕೊಟ್ಟಿದ್ದಾರೆಂದು ಅರ್ಥ. ಎಂ.ಬಿ. ಎಂದಿದ್ದರೆ ಮೀಥೈಲ್ ಬ್ರೋಮೈಡೆಂಬ ವಿಷವಾಯುವನ್ನು ಹಾಯಿಸಿದ್ದಾರೆಂದು ಅರ್ಥ. ಅಂತಹ ಮರವನ್ನು ಮಕ್ಕಳು ಮಲಗುವ ಕಡೆ ತಾರದಿರುವುದೇ ಲೇಸು. ಶಾಖ ಕೊಟ್ಟ ಮರದಲ್ಲಿಯೂ ಆಗ ಇದ್ದ ಹುಳು ಸಾಯುವುದೇ ಹೊರತು, ನಾಳೆ ಬರುವ ಗೆದ್ದಲಿಗೆ ತಡೆಯೇನೂ ಇಲ್ಲ. ಮೇಲಾಗಿ ಅದು ಮೆತ್ತನೆಯ ಮರ. ಹಳೆಯ ಗಟ್ಟಿ ಹಲಗೆಯ ಪಕ್ಕದಲ್ಲಿ ಬೇಗ ಸವೆಯುತ್ತದೆ. ಆಚಾರ್ರು ಬೇಡವೆಂದರು. ಕೆಡವಿದ ಹಳೆಯ ಮನೆಗಳ ಮರ ಮಾರುವ ಅಂಗಡಿಯಿಂದ ಮತ್ತಿಯ ತೊಲೆಯೊಂದನ್ನು ತಂದು ಸೀಳಿಸಿದರು. ಹಳೆಯ ಮರವು ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತದೆ. ಹಸಿಮರವು ಉದ್ದಕ್ಕೆ ಹೆಚ್ಚಾಗಿ ಕುಗ್ಗದಿದ್ದರೂ ಅಗಲಕ್ಕೆ ಕುಗ್ಗುತ್ತದೆ. ಇಂದು ಒತ್ತಾಗಿ ಜೋಡಿಸಿದ ಹಲಗೆಗಳ ನಡುವೆ ಬರುವ ವರ್ಷ ಬೆರಳು ತೂರುತ್ತದೆ.

ಕೆಲಸವು ಫಾಲ್ಗುಣದಲ್ಲಿ ನಡೆಯಿತು. ನೆಲದ ಕೆಲಸಕ್ಕೆ ಒಣಗಾಲವೇ ಪ್ರಶಸ್ತ. ನಾವು ನಾಲ್ಕು ಸಲ ಹೋಗಿ ಬಂದೆವು. ಕ್ರಮವನ್ನು ಹೇಳುತ್ತೇವೆ, ಇಂತಹ ಮನೆಯುಳ್ಳವರಿಗೆ ಉಪಯೋಗವಾದೀತು.

ಮೊದಲು ಕೈಹಾಕಿದ್ದು ಮನೆಯೊಳಗಲ್ಲ, ಹೊರಗೆ. ಒಡೆದ ಹೆಂಚುಗಳನ್ನು ಬದಲಾಯಿಸಿ, ನೆರೆಮನೆಯವರೊಡನೆ ಸಮಾಧಾನದಿಂದ ಮಾತನಾಡಿ ಅವರ ಗೋಡೆಯ ನೀರಿಗೆ ಕೊಳವೆ ಹಾಕಿಸಿದರು. ಜಗಲಿಯ ಮುಂದೆ ಕಲ್ಲುಚಪ್ಪಡಿ ಮುಚ್ಚಿದ ಚರಂಡಿಯನ್ನು ತೆಗೆದು ಬೀದಿಯ ನೀರನ್ನು ಬಾಗಿಲಿನಾಚೆಗೆ ತಿರುಗಿಸಿದರು. ನೀರಿನ ದಾರಿ ತಪ್ಪಿಸದೆ ನೆಲ ಹಾಕುವುದೆಂದರೆ ಜ್ವರವಿರುವಾಗ ಹೊಸ ಅಂಗಿ ತೊಡಿಸಿದ ಹಾಗೆ.

ಬಳಿಕ ಕಂಬಗಳ ಸರದಿ. ಶಿಷ್ಯರು ಕಾರ್ಖಾನೆಯ ಗೆಳೆಯರಿಂದ ತಿರುಪಿನ ಜಾಕಿಗಳನ್ನು ಎರವಲು ತಂದರು. ತೊಲೆಯ ಕೆಳಗೆ ಆಧಾರದ ಮರಗಳನ್ನು ನಿಲ್ಲಿಸಿ, ದಿನಕ್ಕೆ ಕೂದಲೆಳೆಯಷ್ಟು ತಿರುಪನ್ನು ಏರಿಸುತ್ತ, ನಾಲ್ಕು ದಿನಗಳಲ್ಲಿ ಅಟ್ಟವನ್ನು ಹಿಂದಿನ ಮಟ್ಟಕ್ಕೆ ತಂದರು. ಒಮ್ಮೆಗೇ ಎತ್ತಿದರೆ ಮಣ್ಣಿನ ಗೋಡೆ ಬಿರಿಯುತ್ತದೆ. ಕಂಬದ ಭಾರವು ಪೂರ್ತಿಯಾಗಿ ಆಧಾರದ ಮೇಲೆ ಬಂದ ಮೇಲೆ, ಕೊಳೆತ ಪಾದವನ್ನು ಗಟ್ಟಿಮರ ಸಿಕ್ಕುವವರೆಗೆ, ಒಂದೂಕಾಲು ಅಡಿಯಷ್ಟು, ಕತ್ತರಿಸಿ ತೆಗೆದರು. ಅದರ ಜಾಗದಲ್ಲಿ ಕೆಳಗಿನ ಹಳೆಯ ಪೀಠದ ಮೇಲೆ ಅಷ್ಟೇ ಎತ್ತರದ ಸೈಜುಗಲ್ಲನ್ನು ಕೂರಿಸಿ, ಕಲ್ಲಿಗೂ ಮರಕ್ಕೂ ನಡುವೆ ತೆಳುವಾದ ಸೀಸದ ತಗಡನ್ನಿಟ್ಟು, ತುಕ್ಕು ಹಿಡಿಯದ ಉಕ್ಕಿನ ಗೂಟವೊಂದರಿಂದ ಎರಡನ್ನೂ ಸೇರಿಸಿದರು. ಗೆದ್ದಲು ಇನ್ನು ಬರಬೇಕಾದರೆ ಕಲ್ಲಿನ ಹೊರಮೈಮೇಲೆ ಮಣ್ಣಿನ ಗೆರೆ ಎಳೆದುಕೊಂಡೇ ಬರಬೇಕು. ಪೊರಕೆ ಹಿಡಿದ ಕೈಗೆ ಅದು ಆ ದಿನವೇ ಕಾಣುತ್ತದೆ.

ಅಟ್ಟದ ಮೇಲೆ, ಒಳ್ಳೆಯ 21 ಹಲಗೆಗಳನ್ನು ಎಬ್ಬಿಸಿ ಅಡಿಮೇಲು ಮಾಡಿ ಹಾಸಿದರು. ಎಂಬತ್ತು ವರ್ಷ ಕೆಳಮುಖವಾಗಿದ್ದ ಮೈ ಈಗ ಮೇಲೆ ಬಂದು, ಉಜ್ಜುಗೊರಡು ತಾಗಿದೊಡನೆ ಹೊಸ ಮರದಂತೆ ಹೊಳೆಯಿತು. ತುದಿ ಕೆಟ್ಟ 6 ಹಲಗೆಗಳನ್ನು ಮುಂದಿನ ಜಂತೆಯವರೆಗೆ ಕತ್ತರಿಸಿ, ಗಿಡ್ಡವಾದುವನ್ನು ಮೆಟ್ಟಿಲಿನ ಬದಿಗೆ ಹಾಕಿದರು. ಹಲಗೆಯ ಸಂದು ಜಂತೆಯ ಮೇಲೆಯೇ ಬರಬೇಕು, ಎರಡು ಜಂತೆಗಳ ನಡುವೆ ತೂಗಾಡಬಾರದು. ಮೊಳೆಯ ಬದಲು ತಿರುಪುಮೊಳೆ ಹಾಕಿದರೆ ಮುಂದೆ ಯಾರಾದರೂ ದುರಸ್ತಿ ಮಾಡುವಾಗ ಹಲಗೆ ಸೀಳದೆ ಬಿಚ್ಚಬಹುದು. ಕೊನೆಯಲ್ಲಿ ಅಗಸೆ ಎಣ್ಣೆಯನ್ನು ಬಟ್ಟೆಯಿಂದ ತಿಕ್ಕಿದರು. ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಅದು ತನ್ನಷ್ಟಕ್ಕೆ ಕಾವೇರಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಬೇಕೆಂದು ಆಚಾರ್ರು ಮಕ್ಕಳಿಗೂ ಹೇಳಿಕೊಟ್ಟರು.

ನಡುಮನೆಯಲ್ಲಿ ಟೈಲುಗಳನ್ನು ತೆಗೆದು, ತಂದೆಯ ಗಾರೆಯ ಮಟ್ಟಕ್ಕೆ ನೆಲವನ್ನು ಇಳಿಸಿದರು. ಹಳೆಯ ಗಾರೆಯು ಅನೇಕ ಕಡೆ ಒಡೆದುಹೋಗಿತ್ತು. ಅದನ್ನೂ ತೆಗೆದು, ಜಲ್ಲಿ ಹಾಸಿ ದಿಮ್ಮಿಸಿ, ಸುಣ್ಣದ ಗಚ್ಚು ಹಾಕಿ, ಮೇಲೆ ತೆಳುವಾಗಿ ಕೆಂಪು ಗಾರೆ ಎಳೆದರು. ಹತ್ತು ಪಾಲು ಸಿಮೆಂಟಿಗೆ ಒಂದು ಪಾಲು ಕೆಂಪು ಬಣ್ಣ; ಒಂದು ಕೋಣೆಯ ಕೆಲಸವನ್ನು ಒಂದೇ ದಿನ ಮುಗಿಸಬೇಕು, ಇಲ್ಲವಾದರೆ ಬಣ್ಣ ಎರಡಾಗುತ್ತದೆ. ಏಳು ದಿನ ನೀರು ಕಟ್ಟಿ ನಿಲ್ಲಿಸಬೇಕು, ಇಲ್ಲವಾದರೆ ಕೂದಲು ಬಿರುಕು ಬಿಡುತ್ತದೆ. ಮಣ್ಣಿನ ಗೋಡೆಯ ಬುಡದಲ್ಲಿ ನಾಲ್ಕು ಅಂಗುಲ ಜಾಗ ಬಿಟ್ಟು ಮರಳಿನ ಮೇಲೆ ಸಣ್ಣ ಕಲ್ಲುಗಳನ್ನು ಕೂರಿಸಿದರು. ನೆಲದೊಳಗಿನ ತೇವಕ್ಕೆ ಹೊರಬರಲು ದಾರಿ ಬೇಕು. ಎಲ್ಲ ಕಡೆ ಮುಚ್ಚಿದರೆ ಅದು ಗೋಡೆಯನ್ನು ಹತ್ತುತ್ತದೆ. ಬಚ್ಚಲಿನ ದಾರಿಗೆ ಉಳಿಯ ಗುರುತು ಉಳಿದಿರುವ ಒರಟು ಕಲ್ಲುಚಪ್ಪಡಿಗಳನ್ನು ಹಾಸಿದರು. ಅದು ತಾಯಿಯ ಅಪೇಕ್ಷೆ.

ತೆಗೆದ ಟೈಲುಗಳಲ್ಲಿ ಒಡೆಯದೆ ಉಳಿದುವನ್ನು ತಮ್ಮನು ಜೋಪಾನವಾಗಿ ಜೋಡಿಸಿ ಇಟ್ಟಿದ್ದಾನೆ. ಹಿತ್ತಲಿನ ಖಾಲಿ ಜಾಗದಲ್ಲಿ ಎರಡು ಬಾಡಿಗೆ ಕೋಣೆ ಕಟ್ಟಿಸುವುದಾಗಿ ಅಣ್ಣತಮ್ಮಂದಿರು ಮಾತಾಡಿಕೊಂಡಿದ್ದಾರೆ. ಆ ಕೋಣೆಗಳ ನೀರು ಹಳೆಯ ಮನೆಯ ಕಡೆಗೆ ಹರಿಯಬಾರದೆಂಬುದು ಕರಾರು. ತಾಯಿಯ ಕಾಲಾನಂತರ ಆ ಮನೆ ಉಳಿದೀತೆ? ನಿವೇಶನದ ಬೆಲೆಯನ್ನು ಎಣಿಸಿದರೆ ಉಳಿಯುವುದು ಕಷ್ಟವೇ. ಆದರೂ ದುಡ್ಡು ವ್ಯರ್ಥವಾಯಿತೆಂದು ತಮ್ಮನೂ ಈಗ ಹೇಳುವುದಿಲ್ಲ. ಆಕೆ ಗೋಡೆ ಹಿಡಿಯದೆ ನಡುಮನೆಯನ್ನು ದಾಟುವುದನ್ನೂ, ಹುಡುಗಿಯು ಅಟ್ಟದ ಮೇಲೆ ಕುಳಿತು ಓದಿ ಪರೀಕ್ಷೆಗೆ ಹೋಗಿಬಂದುದನ್ನೂ ಅವನು ಕಂಡಿದ್ದಾನೆ.

ಇಂತಹ ಮನೆಯುಳ್ಳ ಗೃಹಸ್ಥರು ನೆಲ ಕೆಟ್ಟಿತೆಂದು ಕಂಡೊಡನೆ ಅದರ ಮೇಲೆ ಇನ್ನೊಂದು ನೆಲವನ್ನು ಹೊದಿಸಲು ಆತುರಪಡಬಾರದು. ಮೊದಲು ಎರಡು ಚದರಡಿ ಅಗೆದು ಕೆಳಗೇನಿದೆಯೆಂದು ನೋಡತಕ್ಕದ್ದು; ನೀರು ಎಲ್ಲಿಂದ ಬರುತ್ತಿದೆಯೆಂದು ಹುಡುಕತಕ್ಕದ್ದು; ಕಂಬದ ಕಲ್ಲನ್ನು ಎಂದಿಗೂ ಹೂಳದಿರತಕ್ಕದ್ದು. ಯಾವ ನೆಲ ಹಾಕಬೇಕೆಂದು ನಿಶ್ಚಯಿಸುವ ಮುನ್ನ ಅಂಗಡಿಯವನನ್ನು ಕೇಳುವುದಕ್ಕಿಂತ, ಮನೆಯಲ್ಲಿ ಕಾಲು ನಡುಗುವವರು ಯಾರಿದ್ದಾರೋ ಅವರನ್ನು ಕೇಳುವುದು ಉತ್ತಮ.